ಕೇಬಲಿನ ಎರಡು ತುದಿಗಳು

(ಶತಮಾನೋತ್ಸವದ ಅಂಗವಾಗಿ ಜರಗಿದ ಕಂಪ್ಯೂಟರ್ ಕಾರ್ಯಾಗಾರದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ಕನ್ನಡದಲ್ಲಿ ಅಕ್ಷರ ಕಲಿಸಿದ ಈ ಶಾಲೆಯಲ್ಲಿ ಇಂದು ನಾವು ಕೇಬಲಿನ ದೋಷವನ್ನು ಕನ್ನಡದಲ್ಲಿಯೇ ಹುಡುಕಲಿದ್ದೇವೆ. ಕೇರಳದ ಶಾಲೆಗಳಲ್ಲಿ ಗ್ನೂ/ಲಿನಕ್ಸ್ ಬಳಕೆಯಲ್ಲಿರುವುದರಿಂದ, ಹಳೆಯ ಯಂತ್ರವನ್ನು ಸೀರಿಯಲ್ ಕೇಬಲಿನಿಂದ ಇನ್ನೊಂದಕ್ಕೆ ಜೋಡಿಸಿ ಟರ್ಮಿನಲ್ ಆಗಿ ದುಡಿಸಲು ಸಾಧ್ಯವಿದೆ. ಪರದೆಯಲ್ಲಿ ಅಕ್ಷರ ಮೂಡಲಿಲ್ಲವೆಂದು ಯಂತ್ರವನ್ನು ಮೂಲೆಗೆ ಸೇರಿಸುವ ಮೊದಲು ಕೇಬಲನ್ನು ಪರೀಕ್ಷಿಸಬೇಕು.

ಆರ್‌ಎಸ್-232 ಎಂಬ ಈ ಸಂಪರ್ಕಕ್ರಮ 1960ರಷ್ಟು ಹಳೆಯದು. ಕಂಪ್ಯೂಟರಿನ 9 ಪಿನ್ನುಗಳ ಪೋರ್ಟಿನಲ್ಲಿ 3ನೆಯದು ಕಳುಹಿಸುತ್ತದೆ, 2ನೆಯದು ಸ್ವೀಕರಿಸುತ್ತದೆ, 5ನೆಯದು ಗ್ರೌಂಡ್. 25 ಪಿನ್ನುಗಳದ್ದಾದರೆ ಕಳುಹಿಸುವುದು 2, ಸ್ವೀಕರಿಸುವುದು 3, ಗ್ರೌಂಡ್ 7. ಗೊಂದಲ ಹುಟ್ಟುವುದು ಇಲ್ಲಿಯೇ. 9 ಪಿನ್ನಿನ ಎರಡು ಕಂಪ್ಯೂಟರುಗಳನ್ನು ನೇರ ಕೇಬಲಿನಿಂದ ಜೋಡಿಸಿದರೆ ಎರಡೂ ಒಂದೇ ತಂತಿಯಲ್ಲಿ ಮಾತನಾಡುತ್ತವೆ, ಕೇಳುವವರಿಲ್ಲ. ಆದುದರಿಂದ 2ನ್ನು 3ಕ್ಕೆ, 3ನ್ನು 2ಕ್ಕೆ, 5ನ್ನು 5ಕ್ಕೆ ಸೇರಿಸಬೇಕು.

ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಕೇಬಲನ್ನು ತೆಗೆದು, ಪೋರ್ಟಿನ 2 ಮತ್ತು 3ನ್ನು ತುಂಡು ತಂತಿಯಿಂದ ಸೇರಿಸಿ ಬೆರಳಚ್ಚಿಸಿರಿ. ಅಕ್ಷರ ಮರಳಿ ಪರದೆಗೆ ಬಂದರೆ ಪೋರ್ಟ್ ಸರಿಯಿದೆ. ಆಮೇಲೆ ಕೇಬಲಿನ ಎರಡೂ ತುದಿಗಳನ್ನು ಬಿಡಿಸಿ ಮಲ್ಟಿಮೀಟರಿನಿಂದ ಪಿನ್ ಪಿನ್ ನೋಡಿರಿ. ಕಡಲ ಗಾಳಿಯೂ ಮಳೆಗಾಲದ ತೇವವೂ ಇರುವ ನಮ್ಮ ಊರಿನಲ್ಲಿ ಪಿನ್ನುಗಳ ಕಿಲುಬನ್ನೂ ಗಮನಿಸಬೇಕು. ಅಕ್ಷರಗಳು ವಿಕಾರವಾಗಿ ಬಂದರೆ ಎರಡೂ ಕಡೆಯ ವೇಗವನ್ನು ಹೋಲಿಸಿರಿ: ಒಂದೆಡೆ 9600 ಇದ್ದರೆ ಇನ್ನೊಂದೆಡೆಯೂ ಅದೇ ಇರಬೇಕು. ನಡುವೆ ನಿಂತುಹೋದರೆ 'ತಡೆ', 'ಕಳುಹಿಸು' ಎಂಬ ಸೂಚನೆಗಳನ್ನು ಒಯ್ಯುವ 7 ಮತ್ತು 8ರ ತಂತಿಗಳನ್ನು ನೋಡಿರಿ.

ಸಪ್ತಭಾಷೆಗಳ ಈ ನೆಲದಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳಗಳನ್ನಾಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಮುಂದೆ ಇದೇ ವಿಷಯವನ್ನು ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಕೇಳಬೇಕಾದೀತು. ಕನ್ನಡ ಮಾಧ್ಯಮದಿಂದ ಮಕ್ಕಳು ಹಿಂದುಳಿಯುವರೆಂಬ ಹೆತ್ತವರ ಆತಂಕ ನಮಗೆ ತಿಳಿದಿದೆ. ಕಾರಣವನ್ನು ಅರಿತವನಿಗೆ ಆಗ ಹೊಸದಾಗಿ ಕಲಿಯಲು ಉಳಿಯುವುದು ಹೆಸರುಗಳು ಮಾತ್ರ. ಕಾರಣವನ್ನೇ ಅರಿಯದವನಿಗೆ ಯಾವ ಭಾಷೆಯ ಹೆಸರೂ ನೆರವಾಗದು.

ಪ್ರಯೋಗಾಲಯದಲ್ಲಿ ಒಂದು ಪುಸ್ತಕವನ್ನು ಇರಿಸಿದ್ದೇವೆ. ಕಂಡ ದೋಷ, ಮಾಡಿದ ಪರೀಕ್ಷೆ, ದೊರೆತ ಕಾರಣ – ಮೂರನ್ನೂ ಕನ್ನಡದಲ್ಲಿ ಬರೆದಿಡಿರಿ. ಮುಂದಿನ ತರಗತಿಯವರಿಗೆ ಅದು ಪಾಠವಾಗಲಿ.