ಮದ್ದು ಎಂಬ ಒಂದೇ ಮಾತು

(ಬಯಲುಸೀಮೆಯ ಮಣ್ಣು ಮತ್ತು ನೀರನ್ನು ಅರಿಯಲೆಂದು ನಮ್ಮ ಬಳಗದ ರೈತರು, ವಿದ್ಯಾರ್ಥಿಗಳು ಕೈಗೊಂಡ ಪ್ರವಾಸದ ಸಂದರ್ಭದಲ್ಲಿ ಭೀಮಾತೀರದ ದೇವಣಗಾಂವದಲ್ಲಿ ಆಡಿದ ಮಾತುಗಳ ಬರಹರೂಪ)



ನಿನ್ನೆ ಸಂಜೆ ನಾವು ವಿಜಯಪುರದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಬಳಿ ನಿಂತಿದ್ದೆವು. ನಮ್ಮ ತಂಡದ ಹುಡುಗಿಯೊಬ್ಬಳು, "ಸಾರ್, ಇಷ್ಟು ದೊಡ್ಡ ತೋಪಿಗೆ ಮದ್ದು ಎಲ್ಲಿಂದ ಬರುತ್ತಿತ್ತು?" ಎಂದು ಕೇಳಿದಳು. ತೋಪನ್ನು ಎರಕ ಹೊಯ್ದವರು ಯಾರು, ಹೊಡೆದವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ಮದ್ದಿನ ಮೂಲವನ್ನು ಕೇಳುವವರು ಕಡಿಮೆ. ಆ ಪ್ರಶ್ನೆಯ ಉತ್ತರ ಇಂದು ಬೆಳಗ್ಗೆ ಈ ಊರಿನ ಹಿರಿಯರೊಬ್ಬರ ದನದ ಕೊಟ್ಟಿಗೆಯಲ್ಲಿ ಕಣ್ಣಿಗೆ ಬಿತ್ತು. ಹಳೆಯ ಗೋಡೆಯ ಬುಡದಲ್ಲಿ, ಗಂಜಲ ಇಂಗಿದ ಕಡೆ, ಹತ್ತಿಯ ನಾರಿನಂತೆ ಬೆಳ್ಳಗೆ ಉಪ್ಪು ಮೂಡಿತ್ತು. "ಇದು ಗ್ವಾಡಿ ತಿಂತದರಿ, ಸರ" ಎಂದರು ಹಿರಿಯರು. ಗೋಡೆಯನ್ನು ತಿನ್ನುವ ಆ ಉಪ್ಪಿನ ಬಳಗಕ್ಕೆ ಸೇರಿದ್ದೇ ಪೆಟ್ಲುಪ್ಪು. ಕೋಟೆಯ ಗೋಡೆಗಳನ್ನು ಉರುಳಿಸಿದ್ದೂ ಅದೇ.

ಮೊದಲು ತೋಪಿನ ಕಥೆ. ಮಲಿಕ್-ಎ-ಮೈದಾನ್ ಹುಟ್ಟಿದ್ದು ವಿಜಯಪುರದಲ್ಲಲ್ಲ, ಅಹಮದ್‌ನಗರದಲ್ಲಿ. 1549ರಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎಂಬ ತುರುಕಿ ದೇಶದ ಎರಕದವನು ನಿಜಾಮಶಾಹಿಗಾಗಿ ಇದನ್ನು ತಾಮ್ರ ಮತ್ತು ತವರ ಬೆರೆತ ಲೋಹದಿಂದ ಹೊಯ್ದನು. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ಬಾಯಿ ಆನೆಯನ್ನು ನುಂಗುತ್ತಿರುವ ಸಿಂಹದ ಆಕಾರದ್ದು. ಮುಂದೆ ಪರಾಂಡಾ ಕೋಟೆಯಲ್ಲಿದ್ದ ಈ ತೋಪು 1632ರಲ್ಲಿ ಆದಿಲಶಾಹಿಯ ರಾಜಧಾನಿಗೆ ಬಂದಿತು. ಅದನ್ನು ಎಳೆದು ತರಲು 10 ಆನೆಗಳು, 400 ಎತ್ತುಗಳು, ನೂರಾರು ಆಳುಗಳು ಬೇಕಾದರೆಂದು ಹೇಳುತ್ತಾರೆ. ಕೃಷಿಯವನಾದ ನನ್ನ ಮನಸ್ಸು ಆ 400 ಎತ್ತುಗಳಲ್ಲಿ ನಿಲ್ಲುತ್ತದೆ. 400 ಎತ್ತೆಂದರೆ 200 ಜೋಡಿ ನೇಗಿಲು. ಆ ಹಂಗಾಮಿನಲ್ಲಿ ಎಷ್ಟು ಹೊಲಗಳು ಉಳುಮೆಯಿಲ್ಲದೆ ಬಿದ್ದಿದ್ದವೋ ಯಾವ ಶಾಸನವೂ ಹೇಳುವುದಿಲ್ಲ.

ಈ ಸೀಮೆಗೆ ತೋಪಿನ ಪರಿಚಯ ಅದಕ್ಕಿಂತ ಹಿಂದಿನದು. ರಕ್ಕಸಗಿ-ತಂಗಡಗಿ ಯುದ್ಧವೆಂದೂ ತಾಳಿಕೋಟೆಯ ಯುದ್ಧವೆಂದೂ ಹೆಸರಾದ 1565ರ ಜನವರಿಯ ಕಾಳಗದಲ್ಲಿ ವಿಜಯನಗರದ ದೊಡ್ಡ ಸೇನೆ ಒಂದೇ ದಿನದಲ್ಲಿ ಚೆದುರಿತು. ಅಳಿಯ ರಾಮರಾಯನ ತಲೆ ಉರುಳಿತು. ಸೋಲಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ತೋಪುಗಳ ಸಾಲು. ಮುಂದೆ ವಿಜಯಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫೆರಿಷ್ತಾ ಬರೆಯುವಂತೆ, ಅಹಮದ್‌ನಗರದ ಗೋಲಂದಾಜರು ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದರು. ಸಂತೆಯಲ್ಲಿ ಜೋಳ ಕೊಳ್ಳಬೇಕಾದ ಕಾಸು ಮನುಷ್ಯರ ಮೈಯನ್ನು ಹೊಕ್ಕಿತು. ಯುದ್ಧದ ಅರ್ಥಶಾಸ್ತ್ರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಇನ್ನು ಮದ್ದು. ಕರಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಇದ್ದಿಲು ಉರಿಯುವ ವಸ್ತು. ಗಂಧಕ ಬೇಗ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಉರಿಗೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ತನ್ನೊಳಗಿನಿಂದಲೇ ಒದಗಿಸುತ್ತದೆ. ಆದುದರಿಂದ ಗಾಳಿಯಾಡದ ಕೊಳವೆಯಲ್ಲೂ ಮದ್ದು ಸಿಡಿಯುತ್ತದೆ. ಈ ಉಪ್ಪನ್ನು ತಯಾರಿಸುವವರು ನಿಜಕ್ಕೂ ಮಣ್ಣಿನ ಸೂಕ್ಷ್ಮಜೀವಿಗಳು. ಸಗಣಿ-ಗಂಜಲದಲ್ಲಿರುವ ಸಾರಜನಕ ಮೊದಲು ಅಮೋನಿಯಾ ಆಗುತ್ತದೆ. ಒಂದು ಬಗೆಯ ಜೀವಾಣುಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಉಪ್ಪು ತೆಗೆಯುವವರು ಕೊಟ್ಟಿಗೆಯ, ಹಳೆಯ ಹಟ್ಟಿಯ ಮಣ್ಣನ್ನು ಕೆರೆದು, ನೀರಿನಲ್ಲಿ ಸೋಸಿ, ಬೂದಿ ಬೆರೆಸಿ, ಕಾಯಿಸಿ ಹರಳುಗಟ್ಟಿಸುತ್ತಿದ್ದರು. ಹೊಲಕ್ಕೆ ಗೊಬ್ಬರವಾಗಬೇಕಾದದ್ದು ಹೀಗೆ ಮದ್ದಿನ ಮನೆಗೆ ಹೋಗುತ್ತಿತ್ತು. ಬಿಹಾರದ ಪೆಟ್ಲುಪ್ಪಿಗಾಗಿ ಡಚ್ಚರೂ ಇಂಗ್ಲಿಷರೂ ಪೈಪೋಟಿ ನಡೆಸಿದರು. ಯುರೋಪಿನ ಎಷ್ಟೋ ಯುದ್ಧಗಳಲ್ಲಿ ಸಿಡಿದದ್ದು ನಮ್ಮ ಹಟ್ಟಿಗಳ ಸಾರ.

ಮಲೆನಾಡಿನ ಮಿತ್ರರು ಇದು ಬಯಲುಸೀಮೆಯ ಕಥೆಯೆಂದು ತಿಳಿಯಬಾರದು. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ನಾಯಕರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದನು. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದನ್ನು ಪುರಾತತ್ತ್ವ ಇಲಾಖೆಯವರು ಅಗೆದಾಗ ಟಿಪ್ಪುವಿನ ಕಾಲದ 1000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಒಂದೊಂದೂ ಗೇಣುದ್ದದ ಕೊಳವೆ. ಎರಡು ಶತಮಾನಗಳ ಮೇಲೂ ಆ ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿತ್ತು. ಕಾಗದದ ಅಥವಾ ಬಿದಿರಿನ ಕೊಳವೆ ತಡೆಯದಷ್ಟು ಒತ್ತಡವನ್ನು ಕಬ್ಬಿಣ ತಡೆಯುತ್ತದೆ. ಆದ್ದರಿಂದ ಮೈಸೂರಿನ ರಾಕೆಟ್ಟು ಹೆಚ್ಚು ದೂರ ಹಾರಿತು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರು ಅದರ ರುಚಿ ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ್ನು ಇಂಗ್ಲೆಂಡಿಗೆ ಕೊಂಡೊಯ್ದರು. ವಿಲಿಯಂ ಕಾಂಗ್ರೀವ್ ಅವುಗಳಿಂದ ಕಲಿತು ತನ್ನ ರಾಕೆಟ್ಟುಗಳನ್ನು ರೂಪಿಸಿದನು. 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟ ದಾಳಿಯಲ್ಲಿ ಅವು ಬಳಕೆಯಾದವು. ನಮ್ಮವರ ಜಾಣ್ಮೆಗೆ ಹೆಮ್ಮೆಪಡೋಣ. ಆದರೆ ಆಯುಧಕ್ಕೆ ತವರಿನ ಋಣವಿಲ್ಲ ಎಂಬುದನ್ನೂ ನೆನಪಿಡೋಣ.

ಇಪ್ಪತ್ತನೆಯ ಶತಮಾನದಲ್ಲಿ ಕೊಟ್ಟಿಗೆಯ ಕೆಲಸ ಕಾರ್ಖಾನೆಗೆ ಹೋಯಿತು. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯಲ್ಲಿನ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಅಳತೆಗೆ ಬೆಳೆಸಿದರು. 1913ರಲ್ಲಿ ಓಪೌ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಉದ್ದೇಶ ಗೊಬ್ಬರ. ಮರುವರ್ಷವೇ ಮಹಾಯುದ್ಧ. ಚಿಲಿ ದೇಶದಿಂದ ಬರುತ್ತಿದ್ದ ನೈಟ್ರೇಟನ್ನು ಬ್ರಿಟಿಷ್ ನೌಕಾಪಡೆ ತಡೆದಾಗ ಜರ್ಮನಿ ಇದೇ ಅಮೋನಿಯಾದಿಂದ ಸ್ಫೋಟಕಗಳನ್ನು ಮಾಡಿಕೊಂಡು ನಾಲ್ಕು ವರ್ಷ ಹೋರಾಡಿತು. ಅದೇ ಹೇಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ಅನಿಲ ಬಿಡುವುದರ ಮುಂದಾಳಾಗಿದ್ದರು. ಅದರ ಬೆನ್ನಲ್ಲೇ ಅಲ್ಲಿಗೆ ಬಂದಿಳಿದ ಪಡೆಗಳಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಇಂದು ಜಗತ್ತಿನ ಹತ್ತಿರ ಹತ್ತಿರ ಅರ್ಧದಷ್ಟು ಜನರ ಅನ್ನ ಹೇಬರ್ ಕಂಡುಕೊಂಡ ವಿಧಾನವನ್ನು ಅವಲಂಬಿಸಿದೆ. ಆ ಅನ್ನವನ್ನು ಉಣ್ಣುವವರಲ್ಲಿ ನಾನೂ ಒಬ್ಬ. ಆದ್ದರಿಂದ ಇದನ್ನು ಶಾಪವೆಂದು ಕರೆದು ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಗೊಬ್ಬರ ಮತ್ತು ಸ್ಫೋಟಕ ಒಂದೇ ಮನೆಯ ಮಕ್ಕಳು ಎಂಬ ಎಚ್ಚರ ಸಾಕು. 2020ರ ಆಗಸ್ಟ್ 4ರಂದು ಬೇರೂತ್ ಬಂದರಿನಲ್ಲಿ ವರ್ಷಗಟ್ಟಲೆ ಹೇಳುವವರು ಕೇಳುವವರಿಲ್ಲದೆ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಮಲೆನಾಡಿನಲ್ಲಿ ತೋಪಿಗೆ ಹಾಕುವುದೂ ಮದ್ದು, ಕಾಯಿಲೆಗೆ ಕೊಡುವುದೂ ಮದ್ದು, ತೋಟಕ್ಕೆ ಹೊಡೆಯುವುದೂ ಮದ್ದು. ಭಾಷೆ ಎಂದೋ ಹಾಕಿದ ಈ ಗಂಟು ಎಷ್ಟು ನಿಜವೆಂಬುದನ್ನು ಯುದ್ಧದ ಚರಿತ್ರೆಯೇ ತೋರಿಸುತ್ತದೆ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕವನ್ನು ಹುಡುಕುತ್ತಿದ್ದಾಗ ಅವರ ಕೈಗೆ ಸಿಕ್ಕಿದ್ದು ಟಾಬುನ್ ಎಂಬ ನರವಿಷ. ಅದು ಸೇನೆಯ ಪಾಲಾಯಿತು. ಅದೇ ರಾಸಾಯನಿಕ ವಂಶದಲ್ಲಿ ಮುಂದೆ ಪ್ಯಾರಥಿಯಾನ್ ಹುಟ್ಟಿ ಹೊಲಗಳಿಗೆ ಬಂದಿತು. ಹುಳದ ನರಕ್ಕೂ ಮನುಷ್ಯನ ನರಕ್ಕೂ ಸಂದೇಶ ಸಾಗುವ ಬಗೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ವಿಷಗಳು ಇಬ್ಬರನ್ನೂ ಹಿಡಿಯುತ್ತವೆ. ಬಾಯಿ-ಮೂಗಿಗೆ ಬಟ್ಟೆಯಿಲ್ಲದೆ ಮದ್ದು ಹೊಡೆಯುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.

ವಿಯೆಟ್ನಾಮಿನಲ್ಲಿ ಕಾಡೇ ಶತ್ರುವಾಯಿತು. ಮರಗಳ ಮರೆಯಲ್ಲಿದ್ದವರನ್ನು ಬಯಲಿಗೆಳೆಯಲು, ಅವರ ಬೆಳೆಯನ್ನು ಒಣಗಿಸಲು ಅಮೆರಿಕದ ಸೇನೆ 1962ರಿಂದ 1971ರವರೆಗೆ 7 ಕೋಟಿ ಲೀಟರಿಗೂ ಹೆಚ್ಚು ಕಳೆನಾಶಕವನ್ನು ವಿಮಾನಗಳಿಂದ ಸುರಿಯಿತು. ಹೆಸರಾದ ಏಜೆಂಟ್ ಆರೆಂಜ್ ಎಂಬುದು 2,4-ಡಿ ಮತ್ತು 2,4,5-ಟಿ ಎಂಬ ಎರಡರ ಮಿಶ್ರಣ. ಎರಡನೆಯದರ ತಯಾರಿಕೆಯಲ್ಲಿ ಸೇರಿಕೊಂಡ ಡಯಾಕ್ಸಿನ್ ಎಂಬ ವಿಷ ಮಣ್ಣಿನಲ್ಲಿ, ಕೆಸರಿನಲ್ಲಿ ದಶಕಗಳ ಕಾಲ ಉಳಿಯಿತು. ಮೊದಲನೆಯದು ಇಂದಿಗೂ ನಮ್ಮ ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಎರಡೂ ಒಂದೇ ಅಪಾಯದವೆಂದು ನಾನು ಹೇಳುತ್ತಿಲ್ಲ; ಡಬ್ಬಿಯ ಮೇಲಿನ ಹೆಸರನ್ನು ಓದದೆ ಹಳ್ಳದ ದಂಡೆಗೆ ಒಯ್ಯಬೇಡಿರೆಂದು ಹೇಳುತ್ತಿದ್ದೇನೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಡಾಕ್ಟರೇಟ್ ಮುಗಿಸಿ ಬಂದ ಹೊಸತರಲ್ಲಿ, ನಮ್ಮೂರ ಇಳಿಜಾರಿನ ಗದ್ದೆಯೊಂದಕ್ಕೆ ಮಳೆಗೆ ಮುನ್ನ ಅಷ್ಟೂ ಯೂರಿಯಾವನ್ನು ಒಂದೇ ಕಂತಿನಲ್ಲಿ ಹಾಕಿಸಿದೆ. ಅನಂತರ ವಾರವಿಡೀ ಮಳೆ ಹಿಡಿಯಿತು. ಪೈರು ಹಳದಿಯಾಗಿಯೇ ಉಳಿಯಿತು. ಆ ಮನೆಯ ಅಜ್ಜಿ ಬೈಯಲಿಲ್ಲ. "ಹಾಕಿದ್ದು ಗದ್ದೇಲಿಲ್ಲ ಅಂದ್ರೆ ಮತ್ತೆಲ್ಲಿ ಹೋಯ್ತು ಮಾರಾಯ?" ಎಂದಷ್ಟೇ ಕೇಳಿದರು. ಹೋದದ್ದು ಕೆಳಗಿನ ತೋಡಿಗೆ, ಅಲ್ಲಿಂದ ಬಾವಿಗೆ. ಯೂರಿಯಾವನ್ನು ನೈಟ್ರೇಟ್ ಮಾಡುವುದು ಹಿಂದೆ ತೋಪಿಗೆ ಉಪ್ಪು ಒದಗಿಸಿದ ಅದೇ ಬಗೆಯ ಜೀವಾಣುಗಳು. ನೀರಿನಲ್ಲಿ ಸುಲಭವಾಗಿ ಕರಗುವ ನೈಟ್ರೇಟನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡ. ಮೀರಿದರೆ ಹಸುಗೂಸುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ನಗರದ ಪಾಳುಬಾವಿಯಲ್ಲಿ ಮದ್ದು ಸಿಕ್ಕಿದ್ದು ಸುದ್ದಿಯಾಯಿತು. ನೀರು ಸೇದುವ ನಮ್ಮ ಬಾವಿಗಳಲ್ಲಿ ಇರಬಹುದಾದ ಮದ್ದನ್ನು ಹುಡುಕುವವರು ಯಾರು?

ನಾವೇ ಹುಡುಕೋಣ. ವರ್ಷಕ್ಕೆರಡು ಬಾರಿ, ಮಳೆಗೆ ಮುನ್ನ ಮತ್ತು ಮಳೆಯ ನಂತರ, ಊರಿನ ಬಾವಿಗಳ ನೀರನ್ನು ಪರೀಕ್ಷೆಗೆ ಕಳಿಸೋಣ. ಫಲಿತಾಂಶವನ್ನು ಶಾಲೆಯ ಗೋಡೆಯ ಮೇಲೆ ಬರೆಯೋಣ. ಯೂರಿಯಾ ಹಾಕುವವರು ಕಂತು ಕಂತಾಗಿ, ಮಳೆ ಬಿಡುವು ಕೊಟ್ಟಾಗ ಹಾಕಲಿ. ತಿಪ್ಪೆಯನ್ನು ಬಾವಿಯಿಂದ ದೂರ, ನೆರಳಿನಲ್ಲಿ ಮಾಡೋಣ. ಮಳೆಗೆ ತೊಳೆದುಹೋಗುವ ಗಂಜಲ ಕಳೆದುಹೋದ ಗೊಬ್ಬರವೇ ಸರಿ. ಗಾಳಿಯ ಸಾರಜನಕವನ್ನು ಹೇಬರ್‌ಗಿಂತ ಬಹಳ ಹಿಂದೆ ಹಿಡಿದದ್ದು ತೊಗರಿಯ ಬೇರಿನ ಗಂಟು. ಆ ಕಾರ್ಖಾನೆ ಈ ಸೀಮೆಯ ಪ್ರತಿ ಹೊಲದಲ್ಲಿದೆ. ಅದರಿಂದ ಯಾರೂ ತೋಪು ಸಿಡಿಸಲಾರರು.

ಕೊನೆಗೊಂದು ಮಾತು. 1854ರಲ್ಲಿ ವಿಜಯಪುರದ ಹಳೆಯ ಸಾಮಾನುಗಳೊಂದಿಗೆ ಮಲಿಕ್-ಎ-ಮೈದಾನವನ್ನೂ ಹರಾಜಿಗಿಟ್ಟಿದ್ದರಂತೆ. ಬಂದ ಹೆಚ್ಚಿನ ಸವಾಲು 150 ರೂಪಾಯಿ. ಬೆಲೆ ತೀರ ಕಡಿಮೆಯಾಯಿತೆಂದು ಮಾರದೆ ಬಿಟ್ಟರು. ಸಾಮ್ರಾಜ್ಯಗಳನ್ನು ನಡುಗಿಸಿದ ಆಯುಧಕ್ಕೆ ಕಾಲ ಕಟ್ಟಿದ ಬೆಲೆ ಅದು. ಆ ತೋಪಿಗಿಂತ ಹಳೆಯದಾದ ಈ ಕರಿಮಣ್ಣು ಮಾತ್ರ ಈ ಸಲವೂ ಬಿಳಿಜೋಳ ಬೆಳೆದಿದೆ. ಇಂದು ಮಧ್ಯಾಹ್ನ ನಾವು ಉಂಡ ರೊಟ್ಟಿ ಅದರದ್ದೇ.