ಕೀಬೋರ್ಡಿನಿಂದ ಟ್ಯಾಬ್ಲೆಟ್‌ಗೆ: ಹಾಡು ದಾಟುವ ಹಾದಿ

ಜಾತ್ರೆ, ಉರುಸು, ಮದುವೆಗಳ ದಿನಗಳಲ್ಲಿ ಕಲಬುರಗಿಯ ಸುತ್ತಮುತ್ತ ವೇದಿಕೆ ಏರುವ ಆರ್ಕೆಸ್ಟ್ರಾಗಳನ್ನು ಕಂಡವರಿಗೆ ಒಂದು ಬದಲಾವಣೆ ಗೊತ್ತಿರುತ್ತದೆ. ಹಿಂದೆ ಎಂಟು ಹತ್ತು ಮಂದಿ ಕೂತು ನುಡಿಸುತ್ತಿದ್ದ ಜಾಗದಲ್ಲಿ ಈಗ ಒಬ್ಬ ಕೀಬೋರ್ಡ್ ವಾದಕ ನಿಂತಿರುತ್ತಾನೆ. ಕೊಳಲು, ಸಿತಾರು, ವಯಲಿನ್ ಗುಂಪು, ತಬಲಾ ಎಲ್ಲವೂ ಅವನ ಮುಂದಿನ ಆ ಪೆಟ್ಟಿಗೆಯಿಂದಲೇ ಹೊರಡುತ್ತವೆ. ಆ ಪೆಟ್ಟಿಗೆ ಹಳೆಯದಾದಾಗ ಒಳಗಿರುವ ಹಾಡುಗಳ ಗತಿ ಏನು ಎಂಬ ಪ್ರಶ್ನೆ ಮಾತ್ರ ವೇದಿಕೆಯ ದೀಪ ಆರಿದ ಮೇಲೆ ಏಳುವಂಥದ್ದು. ಇಂದಿನ ಮಾತು ಅದರ ಬಗ್ಗೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಬ್ಬ ಹಿರಿಯ ವಾದಕನಿದ್ದಾನೆ. ಕೈಯಿಂದ ಕೈಗೆ ಬಂದ ಒಂದು ವರ್ಕ್‌ಸ್ಟೇಷನ್ ಕೀಬೋರ್ಡ್ ಅವನಲ್ಲಿದೆ. ಊರಿನ ಒಬ್ಬ ಮುದುಕ ತತ್ತ್ವಪದಕಾರನನ್ನು ಕೂರಿಸಿಕೊಂಡು ಅವನು ಹಲವು ಪದಗಳನ್ನು ಅದರಲ್ಲಿ ಧ್ವನಿಮುದ್ರಿಸಿದ್ದಾನೆ. ಹಾಡಿದವನು ಈಗಿಲ್ಲ. ಕೀಬೋರ್ಡಿನ ಪರದೆಯೂ ಮಂಕಾಗುತ್ತಿದೆ. ಕಲಬುರಗಿಯಲ್ಲಿ ಓದುತ್ತಿರುವ ತಮ್ಮನ ಮಗ ಟ್ಯಾಬ್ಲೆಟ್ ಹಿಡಿದು ಬಂದು ಕೇಳುತ್ತಾನೆ: ‘ಕಾಕಾ, ಇದರಾಗಿನ ಹಾಡು ಇದಕ ಹಾಕ್ರಿ.’ ಕಾಕಾ ಕೊಡುವ ಉತ್ತರದಲ್ಲೇ ಇಡೀ ವಿಷಯ ಅಡಗಿದೆ: ‘ಹಾಕೋಣಪಾ. ಖರೆ ಏನು ಹಾಕಲಿ? ಹಾಡು ಹಾಕಲ್ಯೋ, ಹಾಡಿನ ಪಟ್ಟಿ ಹಾಕಲ್ಯೋ?’

ಈ ವ್ಯತ್ಯಾಸ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಕೀಬೋರ್ಡಿನ ಅಜ್ಜ ಹಾರ್ಮೋನಿಯಂ. ಆ ಪೆಟ್ಟಿಗೆಯ ಮೇಲೆ ಆಕಾಶವಾಣಿ 1940ರಲ್ಲಿ ನಿಷೇಧ ಹೇರಿತ್ತು. ಅದು ಸಡಿಲವಾದದ್ದು 1970ರ ದಶಕದಲ್ಲಿ. ಕಲಬುರಗಿ ಆಕಾಶವಾಣಿ ಕೇಂದ್ರ ಆರಂಭವಾದ 1966ರಲ್ಲಿ ಆ ನಿಷೇಧ ಇನ್ನೂ ಜಾರಿಯಲ್ಲಿತ್ತು. ಹಾರ್ಮೋನಿಯಂ ಮೇಲಿನ ಮುಖ್ಯ ದೂರು ಒಂದೇ: ಅದರ ಮನೆಗಳು ಗಟ್ಟಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಹಳ್ಳಿಯ ಭಜನಾ ಮಂಡಳಿಗಳು ಈ ವಾದವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಬೇರೆ ಮಾತು. ವಿದ್ಯುತ್ ಕೀಬೋರ್ಡು ಬಂದಾಗ ಎಡಗೈ ಪಕ್ಕದಲ್ಲಿ ಒಂದು ಸಣ್ಣ ಚಕ್ರವೂ ಬಂತು. ಅದನ್ನು ತಿರುಗಿಸಿದರೆ ಸ್ವರ ಬಾಗುತ್ತದೆ. ಪಿಚ್ ಬೆಂಡ್ ಎಂದು ಕರೆಯುವ ಈ ಚಕ್ರದಿಂದ ನಮ್ಮ ಕಡೆಯ ವಾದಕರು ಶಹನಾಯಿಯ ಜಾರುವಿಕೆಯನ್ನೂ ಸಾರಂಗಿಯ ನರಳಿಕೆಯನ್ನೂ ತಕ್ಕಮಟ್ಟಿಗೆ ಹೊರಡಿಸುತ್ತಾರೆ.

1983ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ವಾದ್ಯ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು ಒಂದು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಒಂದನ್ನು ಒತ್ತಿದರೆ ಇನ್ನೊಂದೂ ನುಡಿಯಿತು. ಇದೇ ಮಿಡಿ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದ ಪ್ರಮುಖರು. ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಐದು ವರ್ಷಗಳ ನಂತರ, 1988ರಲ್ಲಿ, ಕೊರ್ಗ್ ಕಂಪನಿಯ ಎಂ1 ಬಂತು. ಧ್ವನಿಗಳು, ತಾಳವಾದ್ಯ, ಪ್ರತಿಧ್ವನಿಯಂಥ ಪರಿಣಾಮಗಳು, ನುಡಿಸಿದ್ದನ್ನು ಎಂಟು ಸಾಲುಗಳಲ್ಲಿ ನೆನಪಿಟ್ಟುಕೊಳ್ಳುವ ಸೀಕ್ವೆನ್ಸರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ವರ್ಕ್‌ಸ್ಟೇಷನ್ ಎಂಬ ಮಾತು ವಾದಕರ ಬಾಯಲ್ಲಿ ನಿಂತದ್ದು ಇಂಥ ಕೀಬೋರ್ಡುಗಳಿಂದ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮಿಡಿಯಲ್ಲಿ ಧ್ವನಿ ಇಲ್ಲ. ಯಾವ ಮನೆ, ಎಷ್ಟು ಹೊತ್ತು, ಎಷ್ಟು ಜೋರಾಗಿ ಒತ್ತಿದ್ದು ಎಂಬ ಆಜ್ಞೆಗಳಷ್ಟೇ ಇವೆ. ಜೋರನ್ನು 0ಯಿಂದ 127ರವರೆಗಿನ ಅಂಕಿಯಲ್ಲಿ ಬರೆದಿಡುತ್ತದೆ. ಆ ಆಜ್ಞೆ ಓದಿ ನಾದ ಹೊರಡಿಸುವುದು ಎದುರಿಗಿರುವ ಯಂತ್ರದ ಕೆಲಸ.

ಈ ಭಾಗದ ಜನಕ್ಕೆ ಇದನ್ನು ಬೇರೆ ರೀತಿ ಹೇಳಿದರೆ ತಟ್ಟನೆ ತಿಳಿಯುತ್ತದೆ. ಕಡಕೋಳ ಮಡಿವಾಳಪ್ಪನವರ, ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬರ ತತ್ತ್ವಪದಗಳು ಅಚ್ಚಾಗಿವೆ, ಭಜನೆಯವರ ನೋಟುಬುಕ್ಕುಗಳಲ್ಲೂ ಇವೆ. ಆದರೆ ಆ ಪದವನ್ನು ಯಾವ ಮಟ್ಟಿನಲ್ಲಿ ಎತ್ತಬೇಕು, ಪಲ್ಲವಿಗೆ ಮರಳುವಾಗ ಎಲ್ಲಿ ಎಳೆಯಬೇಕು, ದಮ್ಮಡಿ ಎಲ್ಲಿ ಸುಮ್ಮನಾಗಬೇಕು ಎಂಬುದು ಪುಸ್ತಕದಲ್ಲಿಲ್ಲ. ಅದು ಬಾಯಿಂದ ಬಾಯಿಗೆ ಬಂದದ್ದು. ನೋಟುಬುಕ್ಕನ್ನು ಬೇರೆ ಊರಿನ ಮಂಡಳಿಗೆ ಕೊಟ್ಟರೆ ಅವರು ತಮ್ಮ ಮಟ್ಟಿನಲ್ಲಿ ಹಾಡುತ್ತಾರೆ. ಮಿಡಿ ಕಡತ ಆ ನೋಟುಬುಕ್ಕು. ಕಾಕಾ ‘ಪಟ್ಟಿ’ ಎಂದದ್ದು ಇದಕ್ಕೇ.

ಬೇರೆ ಮಟ್ಟಿನಲ್ಲಿ ಹಾಡುವುದು ಎಂದರೆ ಯಂತ್ರದ ವಿಷಯದಲ್ಲಿ ಏನು? 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದವಾಗಿ 128 ಧ್ವನಿಗಳಿಗೆ ಕ್ರಮಸಂಖ್ಯೆ ನಿಗದಿಯಾಯಿತು. ಅದರಲ್ಲಿ ಸಿತಾರ್ 105ನೆಯದು, ಶಹನಾಯಿ 112ನೆಯದು. ತಬಲಾಕ್ಕೆ ಜಾಗವೇ ಇಲ್ಲ, ಢೋಲಕ್ಕಿಗೂ ಇಲ್ಲ. ಕಮಲಾಪುರದ ಕೀಬೋರ್ಡಿನಲ್ಲಿ ತಬಲಾದ ‘ನಾ’ ಕೂತ ಮನೆ 38 ಆಗಿದ್ದರೆ, ಆ ಒಪ್ಪಂದದಂತೆ ನಡೆಯುವ ಟ್ಯಾಬ್ಲೆಟ್ಟಿನಲ್ಲಿ 38 ಎಂದರೆ ಬ್ಯಾಂಡಿನವರ ಸ್ನೇರ್ ಡ್ರಮ್. ಭಜನೆಗೆ ಪರೇಡಿನ ಪೆಟ್ಟು ಬೀಳುತ್ತದೆ. ಮೀಂಡಿನ ಕಥೆ ಇನ್ನೂ ಕಷ್ಟ. ಚಕ್ರವನ್ನು ಪೂರ್ತಿ ತಿರುಗಿಸಿದರೆ ಹನ್ನೆರಡು ಮನೆ ಜಾರುವಂತೆ ಕಾಕಾ ಹೊಂದಿಸಿಕೊಂಡಿದ್ದು, ಟ್ಯಾಬ್ಲೆಟ್ಟು ಎರಡೇ ಮನೆ ಎಂದು ತಿಳಿದರೆ, ಒಂದು ಸಪ್ತಕದ ಜಾರು ಎರಡು ಮನೆಗೇ ನಿಂತು ಅಪಸ್ವರವಾಗುತ್ತದೆ. ರಾಗಕ್ಕೆ ತಕ್ಕಂತೆ ಒಂದೊಂದು ಸ್ವರವನ್ನು ಕೊಂಚ ಇಳಿಸಿ ಏರಿಸಿದ್ದರೆ ಆ ಶ್ರುತಿಯೂ ಸಾಮಾನ್ಯವಾಗಿ ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹಾಡಿದವನ ಕಂಠವಂತೂ ಮಿಡಿಗೆ ದಕ್ಕುವುದೇ ಇಲ್ಲ.

ಹಾಗಾದರೆ ಸ್ಪೀಕರಿಗೆ ಹೋಗುವ ಕೂಡಿಸಿದ ಧ್ವನಿಯನ್ನೇ ಎಡ ಬಲ ಎರಡು ಸಾಲಾಗಿ ಇಳಿಸಿಕೊಂಡರೆ ಆಗದೇ? ಆಗುತ್ತದೆ, ಬಹಳ ಮಂದಿ ಮಾಡುವುದೂ ಅದನ್ನೇ. ಆದರೆ ಸಾರಿನಲ್ಲಿ ಬಿದ್ದ ಉಪ್ಪನ್ನು ಮತ್ತೆ ತೆಗೆಯಲಾಗದು. ನಾಳೆ ಆ ಮುದುಕನ ದನಿ ಮಾತ್ರ ಬೇಕೆಂದರೆ, ತಾಳ ಜೋರಾಯಿತು ತಗ್ಗಿಸಬೇಕೆಂದರೆ ದಾರಿ ಕಡಿಮೆ. ಇತ್ತೀಚೆಗೆ ಕೂಡಿದ ಧ್ವನಿಯನ್ನು ಬಿಡಿಸಿಕೊಡುವ ತಂತ್ರಾಂಶಗಳು ಬಂದಿವೆ, ನಿಜ. ಹಾಡುಗಾರನ ದನಿಯ ಜೊತೆಗೆ ಹಾರ್ಮೋನಿಯಂ ಒಂದೇ ಸ್ವರದಲ್ಲಿ ಹಿಂಬಾಲಿಸುವ ನಮ್ಮ ಪದಗಳಲ್ಲಿ ಅವೂ ತಡವರಿಸುವ ಸಂಭವ ಹೆಚ್ಚು. ಬಿಡಿಯಾಗಿ ಮುದ್ರಿಸಿದ್ದು ಕೈಯಲ್ಲೇ ಇರುವಾಗ ಕೂಡಿಸಿ ಮತ್ತೆ ಬಿಡಿಸುವ ಉಸಾಬರಿ ಯಾಕೆ?

ಬಿಡಿಬಿಡಿಯಾಗಿ ಮುದ್ರಿಸುವ ಕಲ್ಪನೆಯೇನೂ ಹೊಸದಲ್ಲ. ಗಿಟಾರ್ ವಾದಕ ಲೆಸ್ ಪಾಲ್ ಅವರಿಗಾಗಿ ಆಂಪೆಕ್ಸ್ ಕಂಪನಿ ಎಂಟು ಸಾಲಿನ ಟೇಪ್ ಯಂತ್ರ ಕೊಟ್ಟದ್ದು 1957ರಲ್ಲಿ. ಆ ಯಂತ್ರದ ಕೆಲಸವನ್ನು ಮಾಡುವ ಜಾಗ ಈಗ ಕೀಬೋರ್ಡಿನೊಳಗೇ ಇದೆ. 2011ರಲ್ಲಿ ಬಂದ ಕೊರ್ಗ್ ಕ್ರೋನೋಸ್‌ನಲ್ಲಿ 16 ಮಿಡಿ ಸಾಲುಗಳ ಜೊತೆಗೆ 16 ಧ್ವನಿ ಸಾಲುಗಳೂ ಇದ್ದವು. ಅದೇ ವರ್ಷ ಐಪ್ಯಾಡ್‌ಗೆ ಗ್ಯಾರೇಜ್‌ಬ್ಯಾಂಡ್ ಬಂತು.

ಈಗ ತೂಕದ ಲೆಕ್ಕ. ಸೆಕೆಂಡಿಗೆ 48,000 ಬಾರಿ ಅಳೆದು, ಪ್ರತಿ ಅಳತೆಯನ್ನು 24 ಬಿಟ್‌ನಲ್ಲಿ ಬರೆದರೆ ಒಂದು ಸಾಲಿಗೆ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್. ಐದು ನಿಮಿಷದ ಪದ, ಹದಿನಾರು ಸಾಲು: ಸುಮಾರು 690 ಮೆಗಾಬೈಟ್. ಅದೇ ಪದದ ಮಿಡಿ ಕಡತ ಕೆಲವು ಹತ್ತು ಕಿಲೋಬೈಟ್ ದಾಟುವುದಿಲ್ಲ. ಹಳೆಯ ಕೀಬೋರ್ಡುಗಳು ಬಳಸುತ್ತಿದ್ದ 1.44 ಮೆಗಾಬೈಟಿನ ಫ್ಲಾಪಿಯಲ್ಲಿ ಸಿ.ಡಿ. ಗುಣಮಟ್ಟದ ಒಂದು ಸಾಲು ಹಿಡಿಯುವುದು ಹದಿನಾರು ಸೆಕೆಂಡು; ಪಲ್ಲವಿಯೂ ಮುಗಿಯದು. ಆ ಕಾಲದಲ್ಲಿ ಪಟ್ಟಿ ಮಾತ್ರ ಉಳಿಸಿ ಧ್ವನಿ ಬಿಟ್ಟದ್ದಕ್ಕೆ ಕಾರಣ ಅಸಡ್ಡೆಯಲ್ಲ, ಜಾಗವಿಲ್ಲದ್ದು.

ಕೀಬೋರ್ಡಿನಲ್ಲಿ ಧ್ವನಿ ಸಾಲುಗಳಿದ್ದರೆ ಅವು ವೇವ್ ಕಡತಗಳಾಗಿ ಪೆನ್‌ಡ್ರೈವಿಗೆ ಇಳಿಯುತ್ತವೆ. ಅಲ್ಲೊಂದು ಗುಂಡಿ ಇದೆ. ಹಲವು ಯಂತ್ರಗಳಲ್ಲಿ ಒಂದೊಂದು ಕಡತ, ಆ ಸಾಲಿಗೆ ಮುದ್ರಣದ ಗುಂಡಿ ಒತ್ತಿದ ಕ್ಷಣದಿಂದ ಶುರುವಾಗುತ್ತದೆ. ಎರಡನೆಯ ನುಡಿಯಲ್ಲಿ ಬಂದ ಕೊಳಲಿನ ಕಡತವನ್ನು ಟ್ಯಾಬ್ಲೆಟ್ಟಿನಲ್ಲಿ ಮೊದಲಿಗೇ ಇಟ್ಟರೆ ಕೊಳಲು ಪಲ್ಲವಿಯ ಮೇಲೆ ಬಂದು ಕೂರುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಹಾಡಿನ ಸೊನ್ನೆಯಿಂದ ಕೊನೆಯವರೆಗೆ, ಮೌನವನ್ನೂ ಸೇರಿಸಿ, ಹೊಸ ಕಡತವಾಗಿ ಬರೆಯಬೇಕು. ಮೌನಕ್ಕೂ ಜಾಗ ಹಿಡಿಯುತ್ತದಲ್ಲ ಎಂದು ಹುಡುಗ ಗೊಣಗಬಹುದು. ಹಿಡಿಯಲಿ.

ಮಿಡಿಯಿಂದ ನುಡಿಯುವ ಸಾಲುಗಳನ್ನು ಆ ಹಳೆಯ ಯಂತ್ರದಿಂದಲೇ ನುಡಿಸಿ ಧ್ವನಿಯಾಗಿ ಹಿಡಿಯುವುದೇ ಸರಿ. ಒಂದು ಸಾಲನ್ನು ಮಾತ್ರ ತೆರೆದು, ಉಳಿದದ್ದನ್ನು ಮುಚ್ಚಿ, ಪ್ರತಿಧ್ವನಿಯ ಪರಿಣಾಮ ತೆಗೆದು, ಆಡಿಯೊ ಇಂಟರ್‌ಫೇಸ್ ಎಂಬ ಸಣ್ಣ ಡಬ್ಬಿಯ ಮೂಲಕ ಟ್ಯಾಬ್ಲೆಟ್ಟಿಗೆ. ಒಂದೊಂದಾಗಿ ಹಿಡಿದರೆ ಐದು ನಿಮಿಷದ ಹಾಡಿನ ಹದಿನಾರು ಸಾಲಿಗೆ ಎಂಬತ್ತು ನಿಮಿಷ ಬೇಕು. ಎಲ್ಲ ಸಾಲಿನ ಮೊದಲಿಗೂ ಒಂದೇ ಜಾಗದಲ್ಲಿ ‘ಟಕ್’ ಎಂಬ ಒಂದು ಪೆಟ್ಟನ್ನು ಸೇರಿಸಿದರೆ ಆಮೇಲೆ ಆ ಪೆಟ್ಟುಗಳನ್ನು ಒಂದರ ಕೆಳಗೊಂದು ಕೂರಿಸಬಹುದು. ಸಿನಿಮಾದವರ ಕ್ಲ್ಯಾಪ್ ಬೋರ್ಡಿನ ಉಪಾಯವೇ ಇದು. ಹಾಡಿನ ಕೊನೆಗೂ ಒಂದು ಪೆಟ್ಟಿದ್ದರೆ ಒಳ್ಳೆಯದು. ಎರಡು ಯಂತ್ರಗಳ ಗಡಿಯಾರಗಳ ನಡುವೆ ಲಕ್ಷಕ್ಕೆ ಐದರಷ್ಟು ವ್ಯತ್ಯಾಸವಿದ್ದರೂ ಐದು ನಿಮಿಷಕ್ಕೆ 15 ಮಿಲಿಸೆಕೆಂಡು ಸರಿಯುತ್ತದೆ. ತಾಳದ ಕಿವಿಯಿರುವವರಿಗೆ ಇದು ಸಣ್ಣದಾದರೂ ತಿಳಿಯುವ ಹೊರಳು.

ಇನ್ನೊಂದು ತಪ್ಪು ಬಹಳ ಸಾಮಾನ್ಯ. ಕೀಬೋರ್ಡು 48,000ದಲ್ಲಿ ಬರೆದದ್ದನ್ನು ಟ್ಯಾಬ್ಲೆಟ್ಟಿನ ತಂತ್ರಾಂಶ ಪರಿವರ್ತಿಸದೆ 44,100 ಎಂದೇ ಓದಿದರೆ ಐದು ನಿಮಿಷದ ಪದ ಐದು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಎಳೆಯುತ್ತದೆ. ಶ್ರುತಿ ಸುಮಾರು ಒಂದೂವರೆ ಮನೆ ಇಳಿಯುತ್ತದೆ. ಬಿಳಿ ಎರಡರಲ್ಲಿ ಹಾಡಿದ್ದು ಬಿಳಿ ಒಂದಕ್ಕೂ ಕರಿ ಒಂದಕ್ಕೂ ನಡುವೆ, ಯಾವ ಪೆಟ್ಟಿಗೆಯಲ್ಲೂ ಇಲ್ಲದ ಮನೆಯಲ್ಲಿ ಹೋಗಿ ನಿಲ್ಲುತ್ತದೆ. ಮುದುಕನ ಕಂಠ ಇನ್ನಷ್ಟು ಮುದಿಯಾಗಿ ಕೇಳಿಸುತ್ತದೆ. ಕಂಠದ ಗುರುತಿಲ್ಲದವರಿಗೆ ತಪ್ಪು ಹತ್ತುವುದೇ ಇಲ್ಲ. ಅಪಾಯ ಇರುವುದು ಅಲ್ಲೇ. ಆ ದನಿಯನ್ನು ಎದುರಿಗೆ ಕೂತು ಕೇಳಿದವರು ಇರುವಾಗಲೇ ಈ ಕೆಲಸ ಆಗಬೇಕು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಕಡತಗಳಿಗೆ ಹೆಸರಿಡುವುದನ್ನು ಎಲ್ಲರೂ ಕಡೆಗಣಿಸುತ್ತಾರೆ. ‘ಟ್ರ್ಯಾಕ್ 9’ ಎಂದರೆ ಹತ್ತು ವರ್ಷದ ನಂತರ ಯಾರಿಗೂ ಅರ್ಥವಾಗದು. ಪದದ ಮೊದಲ ಸಾಲು, ಹಾಡಿದವರು, ವಾದ್ಯ, ಶ್ರುತಿ, ವರ್ಷ ಇಷ್ಟನ್ನಾದರೂ ಬರೆಯಬೇಕು. ಮೂಲವನ್ನು ಅಳಿಸಬಾರದು. ಒಂದು ಪ್ರತಿ ಟ್ಯಾಬ್ಲೆಟ್ಟಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿ. ಕಮಲಾಪುರದ್ದಕ್ಕೆ ಕಲಬುರಗಿ ಆದೀತು.

ಸಂಜೆಯ ಹೊತ್ತಿಗೆ ಹದಿನಾರು ಸಾಲುಗಳೂ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಒಂದರ ಕೆಳಗೊಂದು ಕೂತಿವೆ ಎಂದುಕೊಳ್ಳಿ. ಹುಡುಗ ಹದಿನೈದನ್ನು ಮುಚ್ಚಿ ದನಿಯೊಂದನ್ನೇ ತೆರೆಯುತ್ತಾನೆ. ಮೊದಲು ಏಕತಾರಿಯ ತಂತಿ ಶ್ರುತಿ ಮಾಡುವ ಸದ್ದು. ಒಂದು ಕೆಮ್ಮು. ಆಮೇಲೆ, ವಾದ್ಯಗಳ ಗದ್ದಲದಲ್ಲಿ ಈವರೆಗೆ ಯಾರ ಕಿವಿಗೂ ಬೀಳದಿದ್ದ ಮುದುಕನ ಮಾತು: ‘ಹೂಂ, ನಡೀಲಿ.’ ಹುಡುಗ ಅದನ್ನು ಕತ್ತರಿಸಲು ಬೆರಳು ಇಡುತ್ತಾನೆ.

‘ಇರ್ಲಿ ಬಿಡಪಾ,’ ಎನ್ನುತ್ತಾನೆ ಕಾಕಾ.