ಹಾಲು ಒಡೆದರೆ ಯಾರ ತಪ್ಪು?

ಚನ್ನಗಿರಿಯಾಗಲಿ, ಹೊನ್ನಾಳಿಯಾಗಲಿ, ಬೇಸಿಗೆಯಲ್ಲಿ ಕಾಸುವಾಗ ಹಾಲು ಒಡೆಯಿತೆನ್ನಿ, ಅತ್ತೆಯ ಕಣ್ಣು ಹೊಸ ಸೊಸೆಯ ಮೇಲೆಯೇ: “ಇವಳ ಕೈಗುಣ!” ಪಾಪ, ಅವಳೇನು ಮಾಡಿಯಾಳು?

ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನಿನ ಕಣಗಳು ತೇಲುತ್ತಿರುತ್ತವೆ. ಅವೆಲ್ಲಕ್ಕೂ ಋಣ ವಿದ್ಯುದಂಶವೇ ಹೆಚ್ಚು. ಆದುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಸೆಕೆಗೆ ಹೆಚ್ಚಿದ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆಮ್ಲದ ಧನ ಅಯಾನುಗಳು ಆ ಋಣವನ್ನು ತೀರಿಸುತ್ತವೆ! ಪಿಎಚ್ 6.6ರಿಂದ 4.6ಕ್ಕೆ ಇಳಿಯಿತೆಂದರೆ ಧನ–ಋಣ ಸರಿಸಮ. ತಳ್ಳುವ ಬಲವಿಲ್ಲದೆ ಕಣಗಳು ಕೂಡಿ ಗಡ್ಡೆಗಟ್ಟುತ್ತವೆ. ಒಲೆಯ ಮೇಲಿದ್ದರೆ ಅಷ್ಟು ಇಳಿಯುವ ಮೊದಲೇ ಒಡೆಯುತ್ತದೆ.

ಹೆಪ್ಪು ಹಾಕಿದಾಗ ನಡೆಯುವುದೂ ಇದೇ. ಬೇಕೆಂದಾಗ ಆದರೆ ಮೊಸರು. ಬೇಡವೆಂದಾಗ ಆದರೆ ಸೊಸೆಯ ತಪ್ಪು! ಇದು ನ್ಯಾಯವೇ? ಹುಳಿ ಹಿಡಿದದ್ದು ಹಾಲು. ನಮ್ಮ ಮನಸ್ಸು ಹುಳಿಯಾಗದಿರಲಿ.